ಖಾಲಿ ಬಟ್ಟಲಿನ ಹನ್ನೊಂದು ಹಾಳೆಗಳು

ಹನ್ನೊಂದು ಹಾಳೆಗಳನ್ನು ತೆಗೆದುಬಿಟ್ಟಿದ್ದರೆ ನನ್ನ ಪಿಎಚ್.ಡಿ. ಪ್ರಬಂಧ ಅದೇ ವಾರ ಟೈಪಿಂಗಿಗೆ ಹೋಗುತ್ತಿತ್ತು. ಮಾರ್ಗದರ್ಶಕರು ಒಂದೊಂದರ ಮೂಲೆಗೂ ಪೆನ್ಸಿಲ್‌ನಿಂದ ಸಣ್ಣ ಅಡ್ಡಗೆರೆ ಎಳೆದು, ಕಟ್ಟನ್ನು ನನ್ನತ್ತ ಸರಿಸಿದರು. ಗೆರೆ ಅಳಿಸಲು ನಾನು ರಬ್ಬರ್ ಕೇಳಿದೆ. ಜಗಳ ಶುರುವಾದದ್ದು ಅಲ್ಲಿಂದ ಎಂದು ವಿಭಾಗದಲ್ಲಿ ಎಲ್ಲರೂ ಹೇಳುತ್ತಾರೆ. ತಪ್ಪು. ಅದು ಶುರುವಾದದ್ದು ಅದಕ್ಕೂ ಮೊದಲು, ಭೀಮಾ ದಂಡೆಯ ಒಂದು ಅಂಗಳದಲ್ಲಿ, ಮತ್ತು ಅಲ್ಲಿ ತಪ್ಪು ಮಾಡಿದವಳು ನಾನೇ.

ನನ್ನ ವಿಷಯ ಸಮಾಜ ಮನೋವಿಜ್ಞಾನ. ಕೇಳಬೇಕಾಗಿದ್ದ ಪ್ರಶ್ನೆ ಇಷ್ಟು: ಪಗಾರವಿಲ್ಲದೆ ಪರರಿಗಾಗಿ ದುಡಿಯುವವರು, ತಮಗೆ ಅನ್ಯಾಯ ಮಾಡಿದವರನ್ನು ಉಳಿದವರಿಗಿಂತ ಸುಲಭವಾಗಿ ಕ್ಷಮಿಸುತ್ತಾರೆಯೇ? ಮಾರ್ಗದರ್ಶಕರಿಗೆ ಉತ್ತರ ಮೊದಲೇ ಗೊತ್ತಿತ್ತು. ಸೇವೆಗೆ ನಿಂತ ಮನಸ್ಸು ಸಿಟ್ಟು ಇಟ್ಟುಕೊಳ್ಳುವುದಿಲ್ಲ ಎಂದು ಅವರು ವರ್ಷಗಟ್ಟಲೆ ಪಾಠ ಮಾಡಿದ್ದಾರೆ. ನನಗೆ ಅನುಮಾನವಿತ್ತು. ಕಾಲೇಜಿನ ದಿನಗಳೆಲ್ಲ ನನಗೆ ಚರ್ಚಾಸ್ಪರ್ಧೆಯ ವೇದಿಕೆಯ ಮೇಲೆಯೇ ಕಳೆದವು. ಯಾರಾದರೂ ತುಂಬ ನೆಮ್ಮದಿಯಿಂದ 'ಹೌದು' ಎಂದರೆ ನನ್ನ ಕಿವಿ ತಾನಾಗಿ ಆ ಕಡೆ ನಿಮಿರುತ್ತದೆ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಹೀಗೆ ಒಂದೊಂದು ತಾಲೂಕಿನಿಂದ ಒಂದೊಂದು ಊರು ಆರಿಸಿಕೊಂಡೆವು. ಊರವರೇ ಸೇರಿ ಏನಾದರೂ ಮಾಡಿದ್ದ ಊರುಗಳು ಅವು. ಒಂದು ಕಡೆ ಕೆರೆಯ ಹೂಳು ತೆಗೆದಿದ್ದರು, ಒಂದು ಕಡೆ ಶಾಲೆಗೆ ಗೋಡೆ ಕಟ್ಟಿದ್ದರು. ಊರಿನ ಹೆಸರು ಬರೆಯುವುದಿಲ್ಲ. ಹಾಗೆಂದು ಜನಕ್ಕೆ ಮಾತು ಕೊಟ್ಟಿದ್ದೇನೆ. ನನ್ನ ಮನೆ ಬಾಗೇವಾಡಿಯಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಸಂಜೆಗೆ ಮರಳುವುದು, ಎರಡು ವರ್ಷ ಇದೇ ನನ್ನ ಸಂಶೋಧನೆ.

ಪ್ರಶ್ನಾವಳಿ ಮೂಲದಲ್ಲಿ ಇಂಗ್ಲಿಷಿನದು. ಕನ್ನಡಕ್ಕೆ ತಂದು, ಅದನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತಿದ್ದಿದ್ದೆವು. ಪ್ರತಿ ಪ್ರಶ್ನೆಗೂ ಒಂದರಿಂದ ಐದರವರೆಗೆ ಅಂಕ. ಇಂಡಿಯ ಕಡೆ, ಝಳಕಿ ಹತ್ತಿರದ ಊರಿನಲ್ಲಿ ಮೊದಲ ದಿನವೇ ಅದು ಮುಗ್ಗರಿಸಿತು. ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ಕೇಳಿದರು:

"ಐದರಾಗ ಎಷ್ಟು ಅಂದ್ರ ಪಾಸ್ರೀ?"

"ಪಾಸು-ನಪಾಸು ಇಲ್ರಿ ಅಜ್ಜಾ. ನಿಮ್ಮ ಮನಸ್ಸಿಗೆ ಬಂದಿದ್ದು ಹೇಳ್ರಿ."

"ಹಂಗಾರ ಐದಕ್ಕೈದು ಬರಕೋ. ನಪಾಸಾಗಿ ಯಾಕ ಮನಿಗಿ ಹೋಗೂಣು?"

ಅವತ್ತು ಸಂಜೆಯೇ ಇಂಡಿಯ ಬಜಾರಿನಲ್ಲಿ ಒಂದೇ ಅಳತೆಯ ಐದು ಸ್ಟೀಲ್ ಬಟ್ಟಲು ಕೊಂಡೆ. ಮೊದಲನೆಯದು ಖಾಲಿ, ಎರಡನೆಯದರಲ್ಲಿ ತಳ ಮುಚ್ಚುವಷ್ಟು ಜೋಳ, ಹಾಗೇ ಏರುತ್ತ ಐದನೆಯದು ತುಂಬಿ ಮೇಲೆ ಗೋಪುರ. ಮನಸ್ಸಿನಲ್ಲಿ ಕ್ಷಮೆ ಎಷ್ಟಿದೆಯೋ ಅಷ್ಟಿರುವ ಬಟ್ಟಲನ್ನು ಮುಟ್ಟಬೇಕು. ಇದು ಕೆಲಸ ಮಾಡಿತು. ಅಂಕ ಎಂದಾಗ ಪರೀಕ್ಷೆ ನೆನಪಾಗುತ್ತಿದ್ದವರಿಗೆ ಜೋಳ ಎಂದಾಗ ಕೈ ತಾನಾಗಿ ಓಡಿತು. ಮುದ್ದೇಬಿಹಾಳದ ಕಡೆಯ ರೈತರೊಬ್ಬರು ತಮ್ಮನ ವಿಷಯಕ್ಕೆ ಸರಿಯಾಗಿ ನಡುವಿನ ಬಟ್ಟಲು ಮುಟ್ಟಿದರು. "ಮಾಫ್ ಮಾಡೇನ್ರಿ. ಆದ್ರ ಅವನ ಮಾರಿ ನೋಡಂಗಿಲ್ಲ," ಎಂದರು. ಬರೆದುಕೊಂಡೆ. ಉತ್ತರ ಬಂದ ಮೇಲೆ ಕೇಳುವವರು ಹುಬ್ಬು ಕೂಡ ಎತ್ತಬಾರದು. ಕ್ಷೇತ್ರಕಾರ್ಯದ ಕೈಪಿಡಿಯಲ್ಲಿ ಆ ನಿಯಮವನ್ನು ಬರೆದವಳು ನಾನೇ.

ಕೊನೆಗೆ ಉಳಿದದ್ದು ಸಿಂದಗಿ ದಾಟಿ ಆಲಮೇಲದ ಆಚೆ, ಭೀಮಾ ದಂಡೆಯ ಊರು. ಅಲ್ಲಿಯ ಸೇವೆ ಎಂದರೆ ಮಹಾಪೂರದ ದಿನಗಳದು. ಹೊಳೆ ಊರೊಳಗೆ ಬಂದಾಗ ಕೆಳಗಿನ ಓಣಿಯ ಹನ್ನೊಂದು ಮಂದಿ, ಗಂಡಸರು ಹೆಂಗಸರು ಸೇರಿ, ನಡೆಯಲಾಗದವರನ್ನು ಹೊರಸಿನ, ಅಂದರೆ ಹಗ್ಗದ ಮಂಚದ, ಮೇಲೆ ಕೂರಿಸಿ ಹೊತ್ತು ದಿಬ್ಬದ ಶಾಲೆಗೆ ಮುಟ್ಟಿಸಿದ್ದರು. ಆಮೇಲೆ ನೀರು ಇಳಿಯುವ ತನಕ ಅಲ್ಲಿ ಇಡೀ ಊರಿಗೆ ರೊಟ್ಟಿ ಬಡಿದಿದ್ದರು. ಕೆಳಗಿನ ಓಣಿ ದಲಿತರದು.

ಆ ಹನ್ನೊಂದು ಮಂದಿಯಲ್ಲಿ ಒಬ್ಬಾಕೆ, ನಾನು ಅಕ್ಕ ಎಂದು ಕರೆಯುತ್ತಿದ್ದವರು, ಅಂಗಳದ ಒಲೆಯ ಮುಂದೆ ಕೂತಿದ್ದರು. ನಾನು ಚೀಲದಿಂದ ಬಟ್ಟಲು ತೆಗೆದು ಸಾಲಾಗಿ ಇಟ್ಟಾಗ ನಕ್ಕರು.

"ಜ್ವಾಳಾ ತಂದೀಯೇನು? ಬೀಸೂದು ಎಲ್ಲಿ?"

ಆ ತಮಾಷೆಯ ಹಿಂದೆ ಏನಿತ್ತು ಎಂದು ಆಮೇಲೆ ತಿಳಿಯಿತು. ಮಹಾಪೂರಕ್ಕೆ ಎರಡು ವರ್ಷ ಮೊದಲು ನಳದ ಹತ್ತಿರ ಮೇಲಿನ ಓಣಿಯವರ ಜೊತೆ ಜಗಳವಾಗಿತ್ತು. ಮರುದಿನದಿಂದ ಕೆಳಗಿನ ಓಣಿಯವರಿಗೆ ಊರ ಹಿಟ್ಟಿನ ಗಿರಣಿಯ ಬಾಗಿಲು ಮುಚ್ಚಿತು. "ಎಂಟು ತಿಂಗಳು," ಅಂದರು ಅಕ್ಕ. "ಜ್ವಾಳಾ ತಲಿ ಮ್ಯಾಲ ಹೊತಗೊಂಡು ಆಲಮೇಲಕ ಹೋಗಿ ಬೀಸಿಕೊಂಡು ಬರತಿದ್ದೆ. ಆಮ್ಯಾಲ ಸಾಹೇಬರು ಬಂದು ಬಾಗಲಾ ತೆಗಿಸಿದ್ರು. ಬಾಗಲಾ ತೆಗೀತು. ಗಿರಣಿಯವನ ಬಾಯಿ ತೆಗೀಲಿಲ್ಲ."

ಮಹಾಪೂರದ ದಿನ ಅವರು ಹೊತ್ತ ಮೊದಲ ಹೊರಸಿನ ಮೇಲೆ ಇದ್ದದ್ದು ಆ ಗಿರಣಿಯವನ ತಾಯಿ. ಹೊರಸಿನ ಮುಂದಿನ ಎಡಗಾಲು ಅಕ್ಕನ ಹೆಗಲಿಗಿತ್ತು.

ನಾನು ಪ್ರಶ್ನೆ ಕೇಳಿದೆ: "ಅಕ್ಕಾ, ಗಿರಣಿಯವರಿಗೆ ಮನಸ್ಸಿನ್ಯಾಗ ಮಾಫ್ ಮಾಡಿದ್ದು ಎಷ್ಟೈತಿ, ಒಂದು ಬಟ್ಟಲಾ ಮುಟ್ರಿ."

ಅವರು ಖಾಲಿ ಬಟ್ಟಲು ಮುಟ್ಟಿದರು. ಬೆರಳಿನ ಹಿಟ್ಟು ತಳಕ್ಕೆ ಅಂಟಿತು.

ಅಲ್ಲಿಗೆ ನಾನು 'ಒಂದು' ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಬೇಕಿತ್ತು. ಹೋಗಲಿಲ್ಲ.

"ಖಾಲೀದೇನ್ರಿ? ಮತ್ತ ಅವರ ಅವ್ವನ್ನ ಹೊತ್ತಿರಲ್ಲ?"

"ಹೊತ್ತೆ."

"ಸಿಟ್ಟು ಇದ್ದವರು ಹೆಗಲು ಕೊಡ್ತಾರೇನ್ರಿ?"

"ನೀರು ಬಂದಿತ್ತು ತಂಗಿ."

"ನೀರು ಎಲ್ಲಾರಿಗೂ ಬಂದಿತ್ತು. ಓಡಿ ಹೋದವರು ಓಡಿ ಹೋದ್ರು. ನೀವು ತಿರುಗಿ ಹೋದ್ರಿ. ಅಂದ ಮ್ಯಾಲ ಒಳಗ ಎಲ್ಲೋ ಸಿಟ್ಟು ಬಿಟ್ಟಂಗಾತಲ್ಲ? ಪೂರಾ ಅಲ್ದಿದ್ರೂ ಒಂದೀಟರೆ?"

ಎದುರಾಳಿಯ ಮಾತಿನಿಂದಲೇ ಎದುರಾಳಿಯನ್ನು ಕಟ್ಟಿಹಾಕುವುದು ಚರ್ಚಾಸ್ಪರ್ಧೆಯ ಮೊದಲ ಪಟ್ಟು. ನನ್ನ ಕೈ ಅದರಲ್ಲಿ ಪಳಗಿತ್ತು. ಹಂಚಿನ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಅಕ್ಕ ಎದ್ದೇಳುತ್ತ ನಾಲ್ಕನೆಯ ಬಟ್ಟಲಿಗೆ ಬೆರಳು ತಾಗಿಸಿದರು.

"ನಿನಗ ಯಾವದು ಬೇಕು ಅದನ್ನ ಬರಕೋ."

ನಾಲ್ಕು ಎಂದು ಬರೆದುಕೊಂಡೆ. ಸಿಂದಗಿಯ ಬಸ್ಸಿನಲ್ಲಿ ಕೂತಾಗ, ಗೆದ್ದೆ ಅನ್ನಿಸಿದ್ದು ನಿಜ.

ಇಂಥ ಅಧ್ಯಯನದಲ್ಲಿ ಅದೇ ಜನರನ್ನು ಅದೇ ಪ್ರಶ್ನೆಗಳೊಂದಿಗೆ ಇನ್ನೊಮ್ಮೆ ಕೇಳುತ್ತೇವೆ. ಎರಡು ಸಲದ ಉತ್ತರ ಹೊಂದಿದರೆ ಅಳತೆಗೋಲು ನೆಟ್ಟಗಿದೆ ಎಂದರ್ಥ. ದಸರಾ ರಜೆಯಲ್ಲಿ ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲವೆಂದು ಎರಡನೆಯ ಸುತ್ತನ್ನು ಹಬ್ಬದ ಮರುವಾರಕ್ಕೆ ಇಟ್ಟುಕೊಂಡೆ. ಈ ನೆಲದಲ್ಲಿ ಹುಟ್ಟಿದವಳು ಮಾಡಬಾರದ ಲೆಕ್ಕ ಅದು.

ವಿಜಯದಶಮಿಯ ಸಂಜೆ ನಮ್ಮ ಕಡೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುತ್ತಾರೆ. ಬನ್ನಿ ತಗೊಂಡು ಬಂಗಾರದ್ಹಂಗ ಇರೂಣು ಎಂದು ಎಲೆಯನ್ನು ಕೈಗಿಡುತ್ತಾರೆ. ಕಿರಿಯರು ಹಿರಿಯರ ಕಾಲು ಮುಟ್ಟುತ್ತಾರೆ. ವರ್ಷವಿಡೀ ಮಾತು ಬಿಟ್ಟವರೂ ಎಲೆ ತೆಗೆದುಕೊಂಡ ಮೇಲೆ ಮಾತಾಡಲೇಬೇಕು. ನಾನು ಕ್ಷಮೆಯನ್ನು ಅಳೆಯಲು ಹೊರಟದ್ದು ಇಡೀ ಜಿಲ್ಲೆ ಕ್ಷಮೆಯ ಹಬ್ಬ ಮುಗಿಸಿ ಕೈ ತೊಳೆದುಕೊಂಡ ವಾರದಲ್ಲಿ.

ಎಲ್ಲ ಊರಲ್ಲೂ ಬೆರಳುಗಳು ತುಂಬಿದ ಬಟ್ಟಲಿನತ್ತ ಸರಿದಿದ್ದವು. ಮುದ್ದೇಬಿಹಾಳದ ರೈತರು ಈ ಸಲ ಗೋಪುರವನ್ನೇ ಮುಟ್ಟಿ ನಾಲ್ಕು ಕಾಳು ಕೆಡವಿದರು.

"ಹೋದ ಸಲ ಮಾರಿ ನೋಡಂಗಿಲ್ಲ ಅಂದಿದ್ರಿ?"

"ತಮ್ಮ ಬನ್ನಿ ತಗೊಂಡು ಮನಿಗಿ ಬಂದ್ನಲ್ರಿ. ಬಾಗಲಿಗೆ ಬಂದು ಕೈ ಚಾಚಿದವಂಗ ಇಲ್ಲ ಅನ್ನಾಕ ಬರತೈತೇನು?"

ಮಾರ್ಗದರ್ಶಕರಿಗೆ ಫೋನಿನಲ್ಲಿ ಹೇಳಿದೆ. ಖುಷಿಯಾದರು. "ನೋಡವಾ, ನಮ್ಮ ಸಂಸ್ಕೃತಿಯ ಶಕ್ತಿ ಇದು. ಇದರ ಮ್ಯಾಲೇ ಒಂದು ಅಧ್ಯಾಯ ಬರಿ," ಎಂದರು.

ಭೀಮಾ ದಂಡೆಯ ಊರಿನಲ್ಲೂ ಮೇಲಿನ ಓಣಿಗಳ ಬಟ್ಟಲುಗಳು ತುಂಬಿದವು. ಕೆಳಗಿನ ಓಣಿಯಲ್ಲಿ ಹನ್ನೊಂದಕ್ಕೆ ಹನ್ನೊಂದೂ ಖಾಲಿ. ಹತ್ತು ಮಂದಿ ಮೊದಲ ಸಲವೂ ಖಾಲಿಯನ್ನೇ ಮುಟ್ಟಿದವರು. ಹನ್ನೊಂದನೆಯವರು ಅಕ್ಕ.

"ಅಕ್ಕಾ, ಹೋದ ಸಲ ನಾಕನೇದು ಮುಟ್ಟಿದ್ರಿ."

"ನಾ ಮುಟ್ಟಿಲ್ಲ," ಅಂದರು. ದನಿ ಏರಲಿಲ್ಲ. "ನೀ ಮುಟ್ಟಿಸಿದಿ."

ಹಾಳೆಯಲ್ಲಿ 'ಒಂದು' ಎಂದು ಬರೆದು ಕೇಳಿದೆ: "ಬನ್ನಿ ಕೊಡಾಕ ಯಾರರೆ ಬಂದಿದ್ರೇನ್ರಿ?"

"ಈ ಓಣಿಗಾ?" ಅಕ್ಕ ಪಕ್ಕದ ಮನೆಯವಳತ್ತ ತಿರುಗಿ ನಕ್ಕರು. "ಮಾಫ್ ಕೇಳಾಕ ಬಂದವರ ಇಲ್ಲ. ಹೊಳ್ಯಾಗ ನಿಂತು ಹೊಳೀಗೆ ಮಾಫ್ ಮಾಡಲೇನು?"

ವಿಭಾಗದಲ್ಲಿ ಪೆನ್ಸಿಲ್ ಗೆರೆಗಳು ಬಿದ್ದದ್ದು ಈ ಹಾಳೆಗಳ ಮೇಲೆ. ಅತಿ ಹೆಚ್ಚು ಸೇವೆ ಮಾಡಿದ ಹನ್ನೊಂದು ಮಂದಿ, ಎಲ್ಲರಿಗಿಂತ ಕಡಿಮೆ ಕ್ಷಮಿಸಿದವರು. ಇವರನ್ನು ಇಟ್ಟುಕೊಂಡರೆ ಮಾರ್ಗದರ್ಶಕರ ಸಿದ್ಧಾಂತ ಕುಂಟುತ್ತದೆ. ಅವರು ಹಾಗೆ ಹೇಳಲಿಲ್ಲ, ನ್ಯಾಯವಾಗಿಯೇ ವಾದಿಸಿದರು.

"ಒಂದೇ ಓಣಿ, ಒಂದೇ ಉತ್ತರ. ಒಬ್ಬರಿಗೊಬ್ಬರು ಹೇಳಿಕೊಟ್ಟಾರ. ಸ್ವತಂತ್ರ ಉತ್ತರ ಅಲ್ಲ ಇವು."

"ಮೇಲಿನ ಓಣಿಯವರದೂ ಒಂದೇ ಉತ್ತರ ಅದ ಸರ್. ಅದಕ್ಕ ಸಂಸ್ಕೃತಿ ಅಂದ್ರಿ."

"ವಾದ ಬ್ಯಾಡ. ಈ ಹೆಣ್ಣಮಗಳನ್ನ ನೋಡು. ಮೊದಲ ನಾಕು, ಈಗ ಒಂದು. ಓಣಿಯವರು ತಿದ್ದಿಕೊಟ್ಟಾರ ಅನ್ನೂದಕ್ಕ ಇದಕ್ಕಿಂತ ಪುರಾವೆ ಬೇಕೇನು?"

ನಾನು ವಾದದಲ್ಲಿ ಗೆದ್ದು ತಂದ 'ನಾಲ್ಕು' ಎಂಬ ಅಂಕ ಇಡೀ ಓಣಿಯ ವಿರುದ್ಧ ಸಾಕ್ಷಿ ಹೇಳುತ್ತ ನಿಂತಿತ್ತು. ಅದನ್ನು ಸುಳ್ಳು ಮಾಡಲು ಇದ್ದದ್ದು ಒಂದೇ ದಾರಿ. ಅದು ಸುಳ್ಳೆಂದು, ಹೇಳಿಸಿದವಳು ನಾನೆಂದು ಒಪ್ಪುವುದು.

"ಆ ನಾಕು ನಂದು ಸರ್," ಎಂದೆ. "ಆಕಿ ಒಂದೇ ಅಂದಿದ್ರು. ನಾ ವಾದಾ ಮಾಡಿ ಏರಿಸಿದೆ. ಪ್ರಬಂಧದಾಗ ಹಂಗೇ ಬರೀತೀನಿ."

ಅವರು ಕನ್ನಡಕ ತೆಗೆದರು. "ಹಂಗ ಬರದ್ರ ನಿನ್ನ ಉಳಿದ ಹಾಳಿನೂ ಯಾರೂ ನಂಬಂಗಿಲ್ಲ. ಹನ್ನೊಂದು ಹಾಳೀಗೋಸ್ಕರ ಎರಡು ವರ್ಷದ ಕೆಲಸ ಹೊಳ್ಯಾಗ ಹಾಕ್ತೀಯೇನು?"

ಅದು ನಿಜವಾದ ಪ್ರಶ್ನೆ. ಎರಡು ದಿನ ಉತ್ತರ ಹುಡುಕಿದೆ. ನಾನು ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಎಷ್ಟು ಸಲ ಎರಡೂ ಪಕ್ಷ ಕಟ್ಟಿ ನೋಡಿದರೂ ಹಾಳೆ ತೆಗೆಯುವ ಪಕ್ಷಕ್ಕೆ ಒಂದೇ ಆಧಾರ ಸಿಗುತ್ತಿತ್ತು: ನನಗೆ ಪದವಿ ಬೇಕು. ಪೂರ್ವ-ಸಲ್ಲಿಕೆ ಗೋಷ್ಠಿಯಲ್ಲಿ, ಅಂದರೆ ಪ್ರಬಂಧ ಒಪ್ಪಿಸುವ ಮೊದಲು ಸಮಿತಿಯ ಮುಂದೆ ಮಂಡಿಸುವಲ್ಲಿ, ಇದನ್ನೇ ಮಂಡಿಸುತ್ತೇನೆ ಎಂದು ಪತ್ರ ಬರೆದುಕೊಟ್ಟೆ. ಮಾರ್ಗದರ್ಶಕರು ಓದಿ ಕಡತದಲ್ಲಿ ಇಟ್ಟುಕೊಂಡರು.

ಗೋಷ್ಠಿಗೆ ಮೊದಲು ನಾಲ್ಕೂ ಊರಿಗೆ ಮತ್ತೆ ಹೋದೆ. ಈ ಸಲ ಒಂದೇ ಹೊಸ ಪ್ರಶ್ನೆ: ತಪ್ಪು ಮಾಡಿದವರು ನಿಮ್ಮ ಬಾಗಿಲಿಗೆ ಬಂದಿದ್ದರೇ? ಮುದ್ದೇಬಿಹಾಳದ ರೈತರ ಉತ್ತರವೇ ಊರೂರಿನಲ್ಲೂ ಬೇರೆ ಬೇರೆ ಬಾಯಲ್ಲಿ ಕೇಳಿಸಿತು. ತುಂಬಿದ ಬಟ್ಟಲಿನ ಹಿಂದೆ ಬಾಗಿಲಿಗೆ ಬಂದ ಒಂದು ಕೈ ಇತ್ತು. ಕ್ಷಮಿಸಿದವರ ಗುಣವನ್ನು ನಾವು ಅಳೆಯುತ್ತ ಕೂತಿದ್ದೆವು. ಬಂದವರ ಕಾಲನ್ನು ಯಾರೂ ಅಳೆದಿರಲಿಲ್ಲ. ಬಾಗೇವಾಡಿಯ ನಮ್ಮ ಮನೆಯಿಂದ ಚಿಕ್ಕಂದಿನಿಂದ ನಾನೂ ಬನ್ನಿ ಹಂಚಲು ಹೋಗಿದ್ದೇನೆ. ಯಾವ ಓಣಿ ಬಂದಾಗ ಹಿಂದಕ್ಕೆ ತಿರುಗುತ್ತಿದ್ದೆವು ಎಂಬುದು ಆ ಸಲ ಬಸ್ಸಿನಲ್ಲಿ ಕೂತಾಗ ನೆನಪಾಯಿತು.

ಗಿರಣಿಗೂ ಹೋದೆ. ಮಾಲೀಕರು ಹಿಟ್ಟಿನ ಧೂಳಿನಲ್ಲಿ ಹುಬ್ಬು ಬೆಳ್ಳಗೆ ಮಾಡಿಕೊಂಡು ನಿಂತಿದ್ದರು. ಒಳಗೆ ಹೊರಸಿನ ಮೇಲೆ ಅವರ ತಾಯಿ.

"ಕೆಳಗಿನ ಓಣಿಗೆ ಬನ್ನಿ ಕೊಡಾಕ ಹೋಗಿದ್ರೇನ್ರಿ?"

"ನಾವ್ಯಾಕ ಹೋಗೂಣ್ರಿ? ಸಣ್ಣವರು ದೊಡ್ಡವರ ಕಡೆ ಬರೂದು ಪದ್ಧತಿ. ಅವರು ಬರಬೇಕು."

"ನಿಮ್ಮ ಅವ್ವನ್ನ ಹೊತ್ತ ಅಕ್ಕ ನಿಮಗಿಂತ ಹತ್ತು ವರ್ಷ ದೊಡ್ಡಾಕಿರಿ."

ಅವರು ಯಂತ್ರದ ಪಟ್ಟಾ ಸರಿಮಾಡಿದರು. "ಆ ದೊಡ್ಡತನ ಬ್ಯಾರೆ, ಈ ದೊಡ್ಡತನ ಬ್ಯಾರೆ. ನೀವು ಸಾಲಿ ಕಲಿತವರು, ನಿಮಗ ತಿಳಿಯಂಗಿಲ್ಲ."

ಒಳಗಿನಿಂದ ಮುದುಕಿಯ ದನಿ ಬಂತು: "ನೀರಾಗ ಹೊರೂ ಮುಂದ ಯಾವ ದೊಡ್ಡತನ ಇತ್ತೋ ಅದನ್ನರೆ ಹೇಳು."

"ನೀ ಸುಮ್ಕಿರಬೇ," ಎಂದು ಮಗ ಮೋಟಾರು ಚಾಲೂ ಮಾಡಿದರು. ಮುಂದಿನ ಮಾತು ಯಾವುದೂ ಕೇಳಿಸಲಿಲ್ಲ.

ಗೋಷ್ಠಿಯ ದಿನ ಸಮಿತಿಯಲ್ಲಿ ಹೊರಗಿನಿಂದ ಬಂದ ಹಿರಿಯ ಪ್ರಾಧ್ಯಾಪಕಿಯೊಬ್ಬರು ಇದ್ದರು. ನನ್ನ ಮಂಡನೆ ಮುಗಿದ ಕೂಡಲೇ ನೇರ ವಿಷಯಕ್ಕೆ ಬಂದರು.

"ಒಂದು ಉತ್ತರವನ್ನು ನೀವೇ ಬದಲಿಸಿದಿರಿ ಎನ್ನುತ್ತೀರಿ. ಉಳಿದವನ್ನು ಬದಲಿಸಿಲ್ಲ ಎಂದು ಏನು ಖಾತ್ರಿ?"

"ನನ್ನ ಮಾತು ಖಾತ್ರಿ ಆಗುವುದಿಲ್ಲ ಮೇಡಂ. ಬೇರೆಯವರನ್ನು ಕಳಿಸಿ ಕೇಳಿಸಿ."

"ಹನ್ನೊಂದು ಹಾಳೆ ಬಿಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಗೊತ್ತಿತ್ತಲ್ಲ?"

"ಗೊತ್ತಿತ್ತು. ಸೇವೆ ಮಾಡುವವರೆಲ್ಲ ಕ್ಷಮಿಸುತ್ತಾರೆ ಎಂದು ಪ್ರಬಂಧ ಹೇಳುತ್ತಿತ್ತು. ಆ ಊರಲ್ಲಿ ಮುದುಕಿಯನ್ನು ಹೊತ್ತವರು ಪ್ರಬಂಧದಲ್ಲಿ ಇರುತ್ತಿರಲಿಲ್ಲ."

ಮಾರ್ಗದರ್ಶಕರು ಕಿಟಕಿಯತ್ತ ನೋಡುತ್ತಿದ್ದರು. ಸಮಿತಿ ಎರಡು ಷರತ್ತು ಹಾಕಿತು. ಈ ವಿವಾದ ತಿಳಿಯದ ಇನ್ನೊಬ್ಬ ಸಂಶೋಧಕರು ನಾಲ್ಕೂ ಊರಿನ ಕೆಲವು ಹಾಳೆಗಳನ್ನು ಮರುಪರೀಕ್ಷೆ ಮಾಡಬೇಕು. ಮತ್ತು ನಾನು ಉತ್ತರ ಬದಲಿಸಿದ ಆ ಹೆಂಗಸು, ಈ ವಿವರವನ್ನು ಪ್ರಬಂಧದಲ್ಲಿ ಬರೆಯಲು ಲಿಖಿತ ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಆ ಅಧ್ಯಾಯ ಪೂರ್ತಿ ಹೋಗುತ್ತದೆ, ಹನ್ನೊಂದು ಹಾಳೆಗಳೊಂದಿಗೆ. ಮರುಪರೀಕ್ಷೆಗೆ ಆರು ತಿಂಗಳು ಹಿಡಿಯಿತು. ಉಳಿದ ಹಾಳೆಗಳು ಸರಿಯೆಂದೇ ಸಾಬೀತಾದವು. ಮಾರ್ಗದರ್ಶಕರು ವರದಿಗೆ ಸಹಿ ಹಾಕಿ, "ನಾ ಒಪ್ಪಿಲ್ಲ. ನಿಯಮ ಅಂತ ಹಾಕೇನಿ," ಎಂದರು. ಅಷ್ಟು ಸಾಕಿತ್ತು.

ಕೊನೆಗೆ ಒಪ್ಪಿಗೆ ಪತ್ರ ಹಿಡಿದು ಅಕ್ಕನ ಅಂಗಳಕ್ಕೆ ಹೋದೆ. ಬಿಸಿಲೇರಿತ್ತು. ಅವರು ರೊಟ್ಟಿ ಬಡಿಯುತ್ತಿದ್ದರು. ಈ ಸಲ ಒಲೆ ಆರುವ ತನಕ ಕಾದೆ. ಆಮೇಲೆ ಹೇಳಿದೆ: ಮೊದಲ ಸಲ ನೀವು ಹೇಳಿದ್ದನ್ನು ನಾನು ಬರೆಯಲಿಲ್ಲ, ನನಗೆ ಬೇಕಾದದ್ದನ್ನು ನಿಮ್ಮಿಂದ ಹೇಳಿಸಿದೆ, ಅದೇ ಕಾರಣಕ್ಕೆ ನಿಮ್ಮ ಓಣಿಯವರೆಲ್ಲ ಸುಳ್ಳು ಹೇಳಿದರೆಂದು ಆಯಿತು. "ನಂದು ತಪ್ಪಾತ್ರಿ ಅಕ್ಕಾ," ಎಂದೆ. ಪತ್ರಕ್ಕೆ ಸಹಿ ಹಾಕಲೇಬೇಕೆಂದಿಲ್ಲ, ಅದು ನಿಮ್ಮ ಇಷ್ಟ ಎಂದೂ ಹೇಳಿದೆ. ತಪ್ಪೊಪ್ಪಿಗೆಗೆ ಸಮರ್ಥನೆ ಒಂದೂ ಸೇರಿಸಲಿಲ್ಲ. ನನ್ನ ಮಟ್ಟಿಗೆ ಅದು ಸಣ್ಣ ಕೆಲಸವಲ್ಲ.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡರು.

"ಇದನ್ನ ಹೇಳಾಕ ಬಾಗೇವಾಡಿಯಿಂದ ಬಂದಿ?"

"ಹೌದ್ರಿ."

"ಎಷ್ಟು ಬಸ್ಸು?"

"ಮೂರು."

"ಗಿರಣಿ ನಮ್ಮ ಮನಿಯಿಂದ ಎಷ್ಟು ಹೆಜ್ಜಿ ಐತಿ, ಎಣಿಸೀಯೇನು?"

ಅವರು ಪತ್ರ ತೆಗೆದುಕೊಂಡು, ನಾಲ್ಕನೇ ಇಯತ್ತೆಯಲ್ಲಿ ಬಿಟ್ಟ ಓದನ್ನು ಬೆರಳಿನಿಂದ ಹುಡುಕುತ್ತ, ಒಂದೊಂದೇ ಸಾಲು ಪೂರ್ತಿ ಓದಿದರು. ಪೆನ್ನು ಕೇಳಿ ಸಹಿ ಹಾಕಿದರು. ಆಮೇಲೆ, "ಬಟ್ಟಲಾ ತಗಿ," ಎಂದರು.

ಸಾಲಾಗಿ ಇಟ್ಟೆ. ಅವರು ತುಂಬಿದ ಬಟ್ಟಲಿನ ಗೋಪುರದ ಮೇಲೆ ಕೈಯಿಟ್ಟರು.

"ಇದು ನಿಂದು."

ಅದೇ ಕೈಯನ್ನು ಹಿಂದಕ್ಕೆ ತಂದು ಖಾಲಿ ಬಟ್ಟಲಿನ ತಳ ಮುಟ್ಟಿದರು.

"ಇದು ಅವರದು. ಎರಡೂ ಬರಕೋ. ಈ ಸಲ ವಾದಾ ಮಾಡಬ್ಯಾಡ."

ಮಾಡಲಿಲ್ಲ. ಎರಡನ್ನೂ ಬರೆದುಕೊಂಡೆ. ಹನ್ನೊಂದು ಹಾಳೆಗಳೂ ಈಗ ಪ್ರಬಂಧದ ಅನುಬಂಧದಲ್ಲಿವೆ, ಮೂಲೆಯ ಪೆನ್ಸಿಲ್ ಗೆರೆಗಳ ಸಮೇತ. ಅಂದು ಕೇಳಿದ್ದ ರಬ್ಬರನ್ನು ಬಳಸಲಿಲ್ಲ. ಯಾರನ್ನು ತೆಗೆದುಹಾಕಲು ಹೊರಟಿದ್ದೆವು ಎಂಬುದನ್ನೂ ಓದುವವರು ನೋಡಲಿ.